ಬಚ್ಚಲಿಗೂ ಒಂದು ಹಬ್ಬ

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲುಮನೆಯ ಪಾಲಿಗೆ ಬರುವುದು ಹಿಂದಿನ ಮೂಲೆ. ಜಗುಲಿಗೆ ಕೆತ್ತನೆಯ ಕಂಬ, ನಡುಮನೆಗೆ ದೇವರ ಪಟಗಳ ಸಾಲು, ಅಡುಗೆಮನೆಗೆ ಹೊಳೆಯುವ ಹಿತ್ತಾಳೆ ಪಾತ್ರೆ. ಬಚ್ಚಲಿಗೆ ಮಾತ್ರ ಅಂಥದ್ದೇನೂ ಇಲ್ಲ. ಹಿತ್ತಿಲ ಬಾಗಿಲು ದಾಟಿ ಮೆಟ್ಟಿಲಿಳಿದರೆ ತಗ್ಗಿದ ಹೆಂಚಿನ ಮಾಡು, ಒಂದು ಮೂಲೆಯಲ್ಲಿ ಮಣ್ಣಿನ ಒಲೆಕಟ್ಟೆ, ಅದರಲ್ಲಿ ಕುತ್ತಿಗೆವರೆಗೆ ಹೂತು ಕೂತ ತಾಮ್ರದ ಹಂಡೆ, ಎದುರಿಗೆ ಮೈ ತೊಳೆಯಲೊಂದು ಚಪ್ಪಡಿ ಕಲ್ಲು. ನೀರು ಹರಿದುಹೋಗುವ ಕಂಡಿಯ ಆಚೆ ಬಾಳೆಯ ಹಿಂಡು, ಅದರ ಬುಡದಲ್ಲಿ ಕೆಸುವಿನೆಲೆ. ಅಡಿಕೆ ಸೋಗೆ, ಹಾಳೆ, ತೆಂಗಿನ ಮಟ್ಟೆ, ಕರಟ ಎಲ್ಲವೂ ಇಲ್ಲಿಯ ಒಲೆಗೇ ಬರುತ್ತವೆ. ಆ ಹೊಗೆ ಕೂತೂ ಕೂತೂ ಗೋಡೆಯ ಮೇಲರ್ಧ ಕಪ್ಪು. ನೀರು ಸಿಡಿದೂ ಸಿಡಿದೂ ಕೆಳಗರ್ಧ ಹಸಿರು. ಜಂತಿಯಿಂದ ಇಲ್ಲಣ ಜೋತಾಡುತ್ತಿರುತ್ತದೆ. ಬೆಳಕೆಂದರೆ ಮಾಡಿನಲ್ಲಿ ಸಿಕ್ಕಿಸಿದ ಒಂದೇ ಒಂದು ಗಾಜಿನ ಹೆಂಚು. ಅದರ ಮೇಲೂ ಮಳೆಗಾಲದ ಪಾಚಿ.

ಆದರೆ ಕನ್ನಡದವರ ಪಂಚಾಂಗ ಈ ಕೋಣೆಯನ್ನು ಮರೆತಿಲ್ಲ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ನರಕ ಚತುರ್ದಶಿಯ ಹಿಂದಿನ ದಿನ, ನೀರು ತುಂಬುವ ಹಬ್ಬ. ಆ ಸಂಜೆ ಮನೆಯ ಮುಖ್ಯ ಕೋಣೆ ಬಚ್ಚಲೇ. ಪೂಜೆ ಹಂಡೆಗೆ, ಹೂವು ಹಂಡೆಗೆ, ದೀಪ ಒಲೆಕಟ್ಟೆಯ ಮೇಲೆ. ಮರುದಿನ ಬೆಳಗಿನ ಜಾವದ ಎಣ್ಣೆಸ್ನಾನಕ್ಕೆ ಬೇಕಾದ ನೀರು ಹಿಂದಿನ ರಾತ್ರಿಯೇ ತುಂಬಿ ಕಾಯಬೇಕು. ಅದಕ್ಕೂ ಮುನ್ನ, ವರ್ಷವಿಡೀ ಯಾರೂ ಕಣ್ಣೆತ್ತಿ ನೋಡದ ಆ ಗೋಡೆಗಳಿಗೆ ಹೊಸ ಮೈ ಬರಬೇಕು.

ಹಬ್ಬ ಈ ಹೊತ್ತಿಗೆ ಬರುವುದೂ ಅನುಕೂಲವೇ. ಜೂನ್‌ನಿಂದ ನೆನೆದ ಗೋಡೆ ಅಕ್ಟೋಬರ್ ಕೊನೆಗೆ ಸ್ವಲ್ಪ ಸ್ವಲ್ಪವಾಗಿ ಆರತೊಡಗಿರುತ್ತದೆ. ಪಾಚಿ ಕೆರೆದರೆ ಎದ್ದು ಬರುವ ಕಾಲ ಅದು. ಮನೆಯ ಹಿರಿಯಾಕೆ ತಲೆಗೆ ಬಟ್ಟೆ ಬಿಗಿದು ಉದ್ದನೆಯ ಕೋಲಿಗೆ ಪೊರಕೆ ಕಟ್ಟುವುದರಿಂದ ಕೆಲಸ ಶುರು. ಮೊದಲು ಇಲ್ಲಣ, ಆಮೇಲೆ ಜೇಡರ ಬಲೆ, ಆಮೇಲೆ ಗೋಡೆಯ ಪಾಚಿ, ಕಡೆಗೆ ಕಲ್ಲು. ಮೇಲಿನಿಂದ ಕೆಳಕ್ಕೆ ಎಂಬ ಈ ಕ್ರಮ ತಪ್ಪಿದರೆ ತೊಳೆದದ್ದನ್ನೇ ಮತ್ತೆ ತೊಳೆಯಬೇಕು. ಯಾರೋ ಒಬ್ಬ ಹುಡುಗ ಏಣಿ ಹತ್ತಿ ಗಾಜಿನ ಹೆಂಚು ಉಜ್ಜಿದನೆಂದರೆ ಸಾಕು, ಬಣ್ಣ ಬಳಿಯುವ ಮೊದಲೇ ಕೋಣೆ ಅರ್ಧ ಬೆಳಗಿರುತ್ತದೆ.

ಇತ್ತ ಅಂಗಳದ ಮೂಲೆಯಲ್ಲಿ ಸುಣ್ಣ ಅರಳುತ್ತಿರುತ್ತದೆ. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಿದ ಕೂಡಲೇ ಅದು ಬುಸುಗುಟ್ಟುತ್ತದೆ, ಒಡೆಯುತ್ತದೆ, ಕೊತಕೊತ ಕುದಿಯುತ್ತದೆ. ಹೊರಗಿನ ಬೆಂಕಿ ಏನೂ ಬೇಕಿಲ್ಲ. ಸುಣ್ಣ ನೀರನ್ನು ಹೀರುವಾಗ ಹುಟ್ಟುವ ಕಾವೇ ಅಷ್ಟು. ಪ್ಲಾಸ್ಟಿಕ್ ಬಕೆಟ್ ಈ ಕೆಲಸಕ್ಕೆ ಆಗದು, ಮಣ್ಣಿನದೋ ಕಬ್ಬಿಣದ್ದೋ ಪಾತ್ರೆ ಬೇಕು. ಹಾಗೆಯೇ ಮಕ್ಕಳು ಹತ್ತಿರ ಸುಳಿಯಬಾರದು, ಕಣ್ಣಿಗೆ ಸಿಡಿದರೆ ಅಪಾಯ. ಒಂದು ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಹಳೆಯ ಪಂಚೆಯಲ್ಲಿ ಸೋಸಿ, ನೀರುಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಳ್ಳುತ್ತಾರೆ. ಗೋಡೆಗೆ ಹಿಡಿಯಲೆಂದು ಕೆಲವರು ಅನ್ನದ ಗಂಜಿ ಬೆರೆಸುತ್ತಾರೆ, ಕೆಲವರು ಅಂಗಡಿಯ ಅಂಟು. ಕೊನೆಗೆ ಚಿಟಿಕೆ ನೀಲಿ.

ಕುಂಚ ಹಿಡಿದ ಸೊಸೆ ಮೊದಲು ಗೋಡೆಗೆ ನೀರು ಚಿಮುಕಿಸುತ್ತಾಳೆ. ಒಣಗೋಡೆ ಸುಣ್ಣದ ನೀರನ್ನು ಗಟಗಟ ಹೀರಿಬಿಟ್ಟರೆ ಮೇಲೆ ಪುಡಿ ಮಾತ್ರ ಉಳಿಯುತ್ತದೆ. ಮೊದಲ ಸಲ ಅಡ್ಡಕ್ಕೆ, ಅದು ಆರಿದ ಮೇಲೆ ಉದ್ದಕ್ಕೆ. ಬಳಿದ ಕೂಡಲೇ ಏನೂ ಕಾಣುವುದಿಲ್ಲ. ಒದ್ದೆ ಗೋಡೆ ಮತ್ತಷ್ಟು ಮಬ್ಬಾಗಿ, ಬಳಿದದ್ದೇ ಸುಳ್ಳೇನೋ ಎನ್ನಿಸುತ್ತದೆ.

“ಅತ್ತೇ, ಸುಣ್ಣ ತೆಳು ಆಯ್ತಾ ಹೇಗೆ? ಗೋಡೆ ಹಾಗೇ ಕಾಣ್ತಾ ಇದೆ.”

“ಒಣಗಲಿ ಬಿಡೇ. ದಪ್ಪ ಬಳಿದ್ರೆ ನಾಳೆ ಚಕ್ಕೆ ಏಳ್ತದೆ.”

ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಗೋಡೆ ಬಿಳುಪೇರಿರುತ್ತದೆ. ಅತ್ತೆಯ ಮಾತಿನ ಹಿಂದೆ ರಸಾಯನಶಾಸ್ತ್ರವೂ ಇದೆ. ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಸುಟ್ಟ ಕಲ್ಲು ಗೋಡೆಯ ಮೇಲೆ ತಿರುಗಿ ಕಲ್ಲಾಗುತ್ತದೆ. ತೆಳು ಪದರವಾದರೆ ಗಾಳಿ ಒಳಗಿನವರೆಗೂ ತಲುಪುತ್ತದೆ. ಹಸಿ ಸುಣ್ಣದ ಕ್ಷಾರಗುಣ ಬೂಷ್ಟನ್ನು ಬೇರೂರಲು ಬಿಡುವುದಿಲ್ಲ. ಬಳಿದ ಗೋಡೆ ಉಸಿರಾಡುವುದರಿಂದ ಒಳಗೆ ಸೇರಿದ ತೇವ ಹೊರಗೂ ಹೋಗುತ್ತದೆ. ಸದಾ ಒದ್ದೆಯಾಗಿರುವ ಕೋಣೆಗೆ ಇಷ್ಟು ಅಗ್ಗದಲ್ಲಿ ಇಷ್ಟು ಒಗ್ಗುವ ಬಣ್ಣ ಬೇರೊಂದಿಲ್ಲ.

ಇನ್ನು ಹಂಡೆ. ಹೂತ ಹಂಡೆಯಾದ್ದರಿಂದ ಬೆಳಗಲು ಸಿಗುವುದು ಬಾಯಿ ಮತ್ತು ಕುತ್ತಿಗೆ ಮಾತ್ರ. ನೆನೆಸಿದ ಹುಣಸೆಹಣ್ಣಿನ ಚರಟಕ್ಕೆ ಉಪ್ಪು ಸೇರಿಸಿ ತಿಕ್ಕಿದರೆ, ಕಂದಿದ ತಾಮ್ರ ಕೈಯಡಿಯಲ್ಲೇ ಬಣ್ಣ ಬದಲಿಸುತ್ತದೆ. ಹುಳಿ ತಾಗಿದ ಕಡೆಯೆಲ್ಲ ನಸುಗೆಂಪು, ತಾಗದ ಕಡೆ ಹಳೆಯ ಕಂದು. ನಡುವೆ ಗೆರೆ ಎಳೆದಂತೆ ಗಡಿ. ಹುಣಸೆಯ ಆಮ್ಲ ತಾಮ್ರದ ಮೇಲಿನ ಕಿಲುಬನ್ನು ಕರಗಿಸುವ ಬಗೆ ಅದು.

ಒಲೆಕಟ್ಟೆಗೆ ಕೆಮ್ಮಣ್ಣು. ಗುಡ್ಡದ ಅಂಚಿನಿಂದ ತಂದ ಮಣ್ಣನ್ನು ಕದಡಿ, ಕಲ್ಲು ಕೆಳಗಿಳಿದ ಮೇಲೆ ಮೇಲಿನ ರಾಡಿಯನ್ನಷ್ಟೇ ಬಟ್ಟೆಯಲ್ಲಿ ಅದ್ದಿ ಸಾರಿಸುತ್ತಾರೆ. ಅದು ಒಣಗಿದ ಮೇಲೆ ಹಿರಿಯಾಕೆ ಮೂರು ಬೆರಳನ್ನು ಸುಣ್ಣದ ನೀರಿನಲ್ಲಿ ಅದ್ದಿ ಹಂಡೆಯ ಸುತ್ತ ಪಟ್ಟೆ ಎಳೆಯುತ್ತಾಳೆ. ಬೆರಳ ತುದಿಯಿಂದ ಪಟ್ಟೆಯ ನಡುನಡುವೆ ಚುಕ್ಕೆ. ಅಳತೆಯಿಲ್ಲ, ಗೀಟುಕೋಲಿಲ್ಲ. ಒಂದು ಪಟ್ಟೆ ತುಸು ವಾರೆಯಾದರೆ ಮುಂದಿನದು ಅದನ್ನು ಸರಿದೂಗಿಸುತ್ತದೆ. ಸಾಗರ ಸೀಮೆಯ ದೀವರ ಮನೆಗಳ ಗೋಡೆಯ ಚಿತ್ತಾರದಲ್ಲೂ ಇದೇ ಕೆಂಪು ನೆಲ, ಅದರ ಮೇಲೆ ಇದೇ ಬಿಳಿ ಗೆರೆ. ಅಲ್ಲಿ ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ಬಣ್ಣದ ಅಂಗಡಿಯ ಹಂಗಿಲ್ಲದೆ ಗೋಡೆಗಳನ್ನು ಸಿಂಗರಿಸಿದ ನಾಡು ಇದು.

ಕೊನೆಯದು ಹಸಿರು. ಬೇಲಿಯಿಂದ ಕಾಯಿಸಮೇತ ಎಳೆದು ತಂದ ಹಿಂಡ್ಲೆಬಳ್ಳಿಯನ್ನು ಹಂಡೆಯ ಕುತ್ತಿಗೆಗೆ ಸುತ್ತುತ್ತಾರೆ. ಅದರ ನಡುವೆ ಚೆಂಡುಹೂವು. ಕಪ್ಪು ಕೋಣೆಯಲ್ಲಿ ಈಗ ಬಿಳಿ ಗೋಡೆ, ಕೆಂಪು ಕಟ್ಟೆ, ತಾಮ್ರದ ಹೊಳಪು, ಹಸಿರು ಬಳ್ಳಿ, ಹಳದಿ ಹೂವು. ಈ ಸಿಂಗಾರಕ್ಕೆಂದು ದುಡ್ಡು ಕೊಟ್ಟು ತಂದದ್ದು ಸುಣ್ಣ ಮತ್ತು ನೀಲಿ, ಹೆಚ್ಚೆಂದರೆ ಒಂದಿಷ್ಟು ಅಂಟು.

ಈಗ ಬೆಂಗಳೂರಿನ ಬಾಡಿಗೆ ಮನೆಯೊಂದರ ಬಾತ್‌ರೂಮಿಗೆ ಬನ್ನಿ. 6 ಅಡಿ ಉದ್ದ, 4 ಅಡಿ ಅಗಲ. 7 ಅಡಿ ಎತ್ತರಕ್ಕೆ ಬಿಳಿ ಟೈಲ್ಸು, ಅದರ ಮೇಲೆ ಯಾವ ಕಾಲದ್ದೋ ಕ್ರೀಮ್ ಬಣ್ಣ. ಕನ್ನಡಿಯ ಅಂಚಿನಲ್ಲಿ, ಟೈಲ್ಸಿನ ಮೇಲೆ, ಹಿಂದಿನ ಬಾಡಿಗೆದಾರರ ಬಿಂದಿಗಳು. ಕೆಂಪು, ಮೆರೂನ್, ಒಂದು ಕಪ್ಪು. ಹೋದವರು ಸಾಮಾನೆಲ್ಲ ಒಯ್ದು ಬಿಂದಿಗಳನ್ನು ಬಿಟ್ಟಿದ್ದಾರೆ. ವೆಂಟಿಲೇಟರಿನ ಗಾಜಿನ ಪಟ್ಟಿಗಳ ನಡುವೆ ಕತ್ತರಿಸಿದ ಶಾಂಪೂ ಸ್ಯಾಷೆಗಳು. ಮೂಲೆಕಲ್ಲಿನ ಮೇಲೆ ಸೋಪಿನ ಚೂರುಗಳೆಲ್ಲ ಸೇರಿ ಆದ ಇನ್ನೊಂದು ಸೋಪು. ನೀಲಿ ಬಕೆಟ್, ಕೆಂಪು ಮಗ್, ಹಸಿರು ಸ್ಟೂಲು. ಬೋರ್‌ವೆಲ್ ನೀರು ಕುಡಿದು ನಲ್ಲಿಯ ಕುತ್ತಿಗೆಗೆ ಬಿಳಿ ಗಂಟು. ಮೇಲ್ಛಾವಣಿಯ ಮೂಲೆಯಲ್ಲಿ ಬೂದು ಚುಕ್ಕೆಗಳ ಬೂಷ್ಟು.

ಹಂಡೆಯಿಲ್ಲ, ಒಲೆಯಿಲ್ಲ. ಆದರೂ ಹಳ್ಳಿಯ ಅತ್ತೆ-ಸೊಸೆ ಹಿಡಿದ ಕ್ರಮ ಇಲ್ಲಿಗೂ ಸಾಕು. ಮೇಲಿನಿಂದ ಕೆಳಕ್ಕೆ ತೊಳೆ, ಒಣಗಿಸು, ತೆಳ್ಳಗೆ ಬಳಿ, ಒಂದೇ ಕಡೆ ಬಣ್ಣ ತುಂಬು, ಕೊನೆಗೆ ಹಸಿರಿಡು.

ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ತೊಳೆದರೆ, ಹಳ್ಳಿಯಲ್ಲಿ ಗಾಜಿನ ಹೆಂಚು ಕೊಟ್ಟ ಬೆಳಕು ಇಲ್ಲೂ ಸಿಗುತ್ತದೆ. ನಲ್ಲಿಯ ಬಿಳಿ ಗಂಟಿಗೂ ಹುಳಿಯೇ ಮದ್ದು. ಅರ್ಧ ನಿಂಬೆಹಣ್ಣು ಉಜ್ಜಿ, ತುಸು ಹೊತ್ತು ಬಿಟ್ಟು ತೊಳೆದರೆ ಸುಣ್ಣದಂಶ ಕರಗುತ್ತದೆ. ಟೈಲ್ಸಿನ ಸಂದುಗಳಿಗೆ ಅಡುಗೆ ಸೋಡ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್. ಸಂದು ಕಿತ್ತುಹೋಗಿದ್ದರೆ ಬಿಳಿ ಸಿಮೆಂಟ್ ತುಂಬಬೇಕು. ಹಳೆಯ ಟೈಲ್ಸಿಗೆ ಅರ್ಧ ಹೊಸತನ ಬರುವುದು ಇದರಿಂದಲೇ. ಅವಸರಕ್ಕೆ ಆಸಿಡ್ ಸುರಿಯುವವರು ಬಹಳ. ಅದು ಕಲೆಯ ಜೊತೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಬೂಷ್ಟಿಗೆ ಬ್ಲೀಚಿಂಗ್ ಪುಡಿಯ ನೀರು ಒಳ್ಳೆಯದು. ಆದರೆ ಆಸಿಡ್ ಹಾಕಿದ ದಿನ ಬ್ಲೀಚಿಂಗ್ ಪುಡಿಯ ಡಬ್ಬ ಮುಟ್ಟಬೇಡಿ. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಅದು ಜೀವಕ್ಕೇ ಕುತ್ತು.

ಆಮೇಲೆ ಬಣ್ಣ. ಹಾರ್ಡ್‌ವೇರ್ ಅಂಗಡಿಯಾತ ಮೊದಲು ಕೇಳುವುದೇ ಇದು: “ಬಾತ್‌ರೂಮಿಗಾ ಮೇಡಂ? ಹಾಗಾದ್ರೆ ಡಿಸ್ಟೆಂಪರ್ ಬೇಡ. ನೀರು ತಾಗಿದ್ರೆ ಕೈಗೇ ಅಂಟುತ್ತೆ. ಎಮಲ್ಷನ್ ತಗೊಳ್ಳಿ.” ಅವನ ಮಾತು ಸರಿ. ಈ ಗೋಡೆಗೆ ಸುಣ್ಣವೂ ಆಗದು. ಹಳೆಯ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ. ಲೆಕ್ಕ ಹಾಕಿದರೆ ಕೆಲಸವೂ ಸಣ್ಣದೇ. ಟೈಲ್ಸಿನ ಮೇಲೆ ಉಳಿದಿರುವುದು 2 ಅಡಿ ಪಟ್ಟಿ. ಸುತ್ತಳತೆ 20 ಅಡಿ, ಅಂದರೆ 40 ಚದರಡಿ. ಛಾವಣಿ 24. ವೆಂಟಿಲೇಟರ್ ಕಳೆದರೆ ಒಟ್ಟು 60 ಚದರಡಿಯ ಆಸುಪಾಸು. ಗೋಡೆ ನುಣುಪಾಗಿದ್ದರೆ ಇಷ್ಟು ಜಾಗಕ್ಕೆ ಎರಡು ಕೋಟು ಹೊಡೆಯಲು ಸುಮಾರು ಒಂದು ಲೀಟರ್ ಎಮಲ್ಷನ್ ಸಾಕು. ಎದ್ದ ಪೊರೆಯನ್ನು ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಕೋಟು ಕೋಟಿನ ನಡುವೆ ನಾಲ್ಕು ಗಂಟೆಯಾದರೂ ಬಿಟ್ಟರೆ ವಾರಾಂತ್ಯದ ಕೆಲಸ. ಎರಡು ಮೂರು ದಿನ ಬಿಸಿನೀರಿನ ಹಬೆ ತಾಗದಿದ್ದರೆ ಬಣ್ಣ ಗಟ್ಟಿಯಾಗುತ್ತದೆ.

ಯಾವ ಬಣ್ಣ? ಛಾವಣಿಗೆ ಬಿಳಿಯೇ ಇರಲಿ. ಇರುವ ಚೂರು ಬೆಳಕನ್ನು ಅದು ಕೆಳಕ್ಕೆ ಕಳಿಸುತ್ತದೆ. ಮೇಲಿನ ಪಟ್ಟಿಗೆ ಕೆಮ್ಮಣ್ಣಿನ ಕೆಂಪನ್ನೇ ಕೇಳಿ ನೋಡಿ. ಬಿಳಿ ಟೈಲ್ಸಿನ ಮೇಲೆ ಆ ಕೆಂಪು ಕೂತಾಗ, ಆಸ್ಪತ್ರೆಯಂತೆ ಕಾಣುತ್ತಿದ್ದ ಕೋಣೆ ಮನೆಯದಾಗುತ್ತದೆ. ಕಿರಿದು ಅನಿಸಿದರೆ ತಿಳಿಹಸಿರು, ತಿಳಿನೀಲಿ. ಬಕೆಟ್, ಮಗ್, ಸ್ಟೂಲುಗಳಿಗೆ ಒಂದೇ ಬಣ್ಣ ಆರಿಸಿಕೊಂಡರೆ ಪೇಂಟಿನಷ್ಟೇ ಬದಲಾವಣೆ ಅದರಿಂದಲೂ ಬರುತ್ತದೆ. ತುಕ್ಕು ಹಿಡಿದ ತಗಡಿನ ಬಾಗಿಲಿಗೆ ಕೆಳಗಿನ ಒಂದಡಿ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಕೊಟ್ಟು, ಮೇಲೆ ಎನಾಮೆಲ್ ಹೊಡೆದರೆ ಸರಿ. ವೆಂಟಿಲೇಟರಿನ ಎದುರು ಗೋಡೆಗೆ ಕನ್ನಡಿ ಬಂದರೆ ಬೆಳಕು ಹೆಚ್ಚುತ್ತದೆ. ಮೊಳೆ ಹೊಡೆಯಲು ಮಾಲೀಕರು ಒಪ್ಪದಿದ್ದರೆ ಟೈಲ್ಸಿಗೆ ಅಂಟುವ ಕೊಕ್ಕೆಗಳು ಸಿಗುತ್ತವೆ. ಹಿಂಡ್ಲೆಬಳ್ಳಿಯ ಜಾಗಕ್ಕೆ ಹಳೆಯ ಗಾಜಿನ ಬಾಟಲಿಯಲ್ಲಿ ಮನಿಪ್ಲಾಂಟಿನ ಒಂದು ತುಂಡು. ಕಿಟಕಿಯ ಅರೆಬೆಳಕು ಅದಕ್ಕೆ ಸಾಕು, ವಾರಕ್ಕೊಮ್ಮೆ ನೀರು ಬದಲಿಸಿದರೆ ಬೇರು ಬಿಡುತ್ತದೆ.

ಬಾಡಿಗೆ ಮನೆಗೆ ನಾವೇಕೆ ಬಣ್ಣ ಹೊಡೆಯಬೇಕು ಎಂದು ಕೇಳುವವರಿದ್ದಾರೆ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ವಾಡಿಕೆ. ಆ ಹೊಸ ಬಣ್ಣ ಕಾಣುವುದು ಮುಂದೆ ಬರುವವರಿಗೆ. ಮಾಲೀಕರನ್ನು ಒಂದು ಮಾತು ಕೇಳಿ, ಇರುವಷ್ಟು ದಿನ ನಾವು ನೋಡುವ ಗೋಡೆಗೆ ಒಂದು ಲೀಟರ್ ಬಣ್ಣ ಖರ್ಚು ಮಾಡಿದರೆ ಅದು ದಂಡವಲ್ಲ.

ಆದರೆ ಒಂದು ಮಾತು. ಸೋರುವ ಬಚ್ಚಲಿಗೆ ಯಾವ ಸಿಂಗಾರವೂ ನಿಲ್ಲದು. ಗೋಡೆಯೊಳಗೆ ನೀರು ಜಿನುಗುತ್ತಿದ್ದರೆ ಎಷ್ಟು ದುಬಾರಿ ಬಣ್ಣವೂ ಮುಂದಿನ ಮಳೆಗಾಲಕ್ಕೆ ಹೊಪ್ಪಳೆಯಾಗಿ ಏಳುತ್ತದೆ. ಆದ್ದರಿಂದ ಈ ಸಲದ ದೀಪಾವಳಿಗೆ ಪೇಂಟಿನ ಡಬ್ಬ ತರುವ ಮುನ್ನ, ತೊಟ್ಟಿಕ್ಕುತ್ತಿರುವ ನಲ್ಲಿಯ ವಾಷರ್ ಬದಲಾಯಿಸಿ.