ಅಧ್ಯಕ್ಷರಿಗೆ ಚುನಾವಣೆ, ಸಿಇಒಗೆ ಹುಡುಕಾಟ

ಬೆಂಗಳೂರಿನ ಲಗ್ಗೆರೆಗೆ ಅಂಟಿಕೊಂಡಂತೆಯೇ ಪೀಣ್ಯ ಕೈಗಾರಿಕಾ ಪ್ರದೇಶ. ಇಲ್ಲಿ ಸಣ್ಣ ಶೆಡ್ಡಿನಲ್ಲಿ ಲೇಥ್ ಇಟ್ಟುಕೊಂಡವರಿಗೆ ಕರೆಂಟ್ ದರ ಏರಿದಾಗ ನೆನಪಾಗುವುದು ಸಂಘ: 1978ರ ಪೀಣ್ಯ ಕೈಗಾರಿಕೆಗಳ ಸಂಘ, 1949ರ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, ಇಲ್ಲವೇ 1916ರಲ್ಲಿ ವಿಶ್ವೇಶ್ವರಯ್ಯನವರು ಹುಟ್ಟುಹಾಕಿದ ವಾಣಿಜ್ಯ ಮಂಡಳಿ, ಈಗಿನ ಎಫ್‌ಕೆಸಿಸಿಐ. ಇಂಥ ಕಡೆ ಅಧ್ಯಕ್ಷರು ಗೆದ್ದು ಬರುತ್ತಾರೆ, ಅವಧಿ ಮುಗಿದ ಮೇಲೆ ತಮ್ಮ ಫ್ಯಾಕ್ಟರಿಗೆ ಮರಳುತ್ತಾರೆ. ಕಚೇರಿ ನಡೆಯುವುದು ಸಂಬಳಕ್ಕಿರುವ ಕಾರ್ಯದರ್ಶಿ ಅಥವಾ ಸಿಇಒ ಕೈಯಲ್ಲಿ. ಸಂಘಗಳಿಗೆ, ಸೇವಾಸಂಸ್ಥೆಗಳಿಗೆ ಅಂಥವರನ್ನು ಹುಡುಕಿಕೊಡುವವರೇ ಎಕ್ಸಿಕ್ಯೂಟಿವ್ ಸರ್ಚ್ ಕನ್ಸಲ್ಟೆಂಟ್.

ಅವರ ಮೊದಲ ಕೆಲಸ ಸಮಿತಿಯವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸುವುದು. ಒಬ್ಬರಿಗೆ ವಿಧಾನಸೌಧದಲ್ಲಿ ಓಡಾಡಿದ ನಿವೃತ್ತ ಅಧಿಕಾರಿ ಬೇಕು, ಇನ್ನೊಬ್ಬರಿಗೆ ಬಾಕಿ ಚಂದಾ ವಸೂಲಿ ಮಾಡುವವರು. ಮಾಜಿ ಅಧ್ಯಕ್ಷರಿಗೆ ತಮ್ಮ ಮಾತು ಕೇಳುವವರಿದ್ದರೆ ಸಾಕು. ಇವರೆಲ್ಲ ಒಪ್ಪುವ ಒಂದೂವರೆ ಪುಟದ ಕೆಲಸದ ವಿವರ ಸಿದ್ಧವಾದರೆ ಅರ್ಧ ಗೆದ್ದಂತೆ.

ಒಳ್ಳೆಯವರು ಸಾಮಾನ್ಯವಾಗಿ ಅರ್ಜಿ ಹಾಕುವುದಿಲ್ಲ. ಹಾಗಾಗಿ ಫೋನು. "ನೀವು ಬರ್ತೀರಾ?" ಎಂದು ಯಾರೂ ನೇರ ಕೇಳುವುದಿಲ್ಲ. "ಇಂಥ ಹುದ್ದೆ ಇದೆ, ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ ಸಾರ್?" ಎನ್ನುತ್ತಾರೆ. ಆಸೆಯಿದ್ದವರು ಸಂಬಳ ವಿಚಾರಿಸುತ್ತಾರೆ.

ಹುಡುಕುವಾಗ ಬೇಲಿಯಾಚೆಗೂ ಕಣ್ಣು ಹಾಯಿಸಬೇಕು. 2001ರಲ್ಲಿ ಸಾಫ್ಟ್‌ವೇರ್ ಉದ್ಯಮದ ಸಂಘ ನ್ಯಾಸ್ಕಾಂನ ಮುಖ್ಯಸ್ಥ ದೇವಾಂಗ್ ಮೆಹ್ತಾ ತೀರಿಕೊಂಡಾಗ ಅವರ ಜಾಗಕ್ಕೆ ಬಂದ ಕಿರಣ್ ಕಾರ್ಣಿಕ್ ಸಾಫ್ಟ್‌ವೇರ್ ಕಂಪನಿಯವರಲ್ಲ. ಇಸ್ರೋದಲ್ಲಿದ್ದು, ಆಮೇಲೆ ಡಿಸ್ಕವರಿ ಚಾನೆಲ್ಲಿನ ಭಾರತದ ವಹಿವಾಟು ನೋಡಿಕೊಂಡವರು.

ಸಂದರ್ಶನದಲ್ಲಿ ನಾನಾದರೆ ಬೆಸ್ಕಾಂನ ವಿದ್ಯುತ್ ದರ ಏರಿಕೆ ಅರ್ಜಿ ಕೊಟ್ಟು, ದರ ನಿಗದಿ ಮಾಡುವ ಆಯೋಗವಾದ ಕೆಇಆರ್‌ಸಿಗೆ ಒಂದು ಪುಟದ ಆಕ್ಷೇಪಣೆ ಬರೆಸುತ್ತೇನೆ. ಎರಡು ಲೇಥಿನ ಮಾಲೀಕ ಮತ್ತು ಐನೂರು ಕಾರ್ಮಿಕರ ಕಂಪನಿ ಇಬ್ಬರೂ ಸದಸ್ಯರೇ. ಬರೆಯುವವರು ಯಾರ ನೋವನ್ನು ಮೊದಲು ಹೇಳುತ್ತಾರೆ ಎಂಬುದು ಅಲ್ಲೇ ಬಯಲಾಗುತ್ತದೆ. ರೆಫರೆನ್ಸ್ ಕೇಳುವಾಗ ಬಯೋಡೇಟಾದಲ್ಲಿರುವ ಹೆಸರುಗಳಿಗಿಂತ ಅವರ ಕೈಕೆಳಗೆ ದುಡಿದವರ ಮಾತಿಗೆ ತೂಕ ಹೆಚ್ಚು.

ಶುಲ್ಕ ಸಾಮಾನ್ಯವಾಗಿ ಮೊದಲ ವರ್ಷದ ಸಂಬಳದ ಕಾಲು ಭಾಗದಿಂದ ಮೂರನೇ ಒಂದು ಭಾಗ, ಕಂತುಗಳಲ್ಲಿ. ಸಂಬಳ ಏರಿದಷ್ಟೂ ಕನ್ಸಲ್ಟೆಂಟ್‌ಗೆ ಲಾಭವಾಗುವ ಈ ಲೆಕ್ಕಕ್ಕಿಂತ ಸೇವಾಸಂಸ್ಥೆಗಳಿಗೆ ನಿಗದಿತ ಮೊತ್ತವೇ ವಾಸಿ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಂತೂ 2020ರ ಎಫ್‌ಸಿಆರ್‌ಎ ತಿದ್ದುಪಡಿ ಆ ಹಣದಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿದೆ. ಸಿಇಒ ಸಂಬಳ ನಿಗದಿ ಮಾಡುವಾಗ ಆ ಗೆರೆ ನೋಡಿಕೊಳ್ಳಲೇಬೇಕು. ಟ್ರಸ್ಟಿಯ ನೆಂಟರನ್ನೇ ನೇಮಿಸಿ ಅತಿಯಾದ ಸಂಬಳ ಕೊಟ್ಟರೆ ಆ ಹೆಚ್ಚುವರಿ ಮೊತ್ತಕ್ಕೆ ತೆರಿಗೆ ವಿನಾಯಿತಿ ತಪ್ಪುತ್ತದೆ.

ಈ ವೃತ್ತಿಗೆ ಬರುವವರು ಹೆಚ್ಚಾಗಿ ಎಚ್‌ಆರ್ ಅಥವಾ ದೇಣಿಗೆ ಸಂಗ್ರಹದ ಕೆಲಸ ಮಾಡಿದವರು. ಸಂಘದ ಕಚೇರಿಯಲ್ಲೇ ಪಳಗಿದವರು ಬಂದರೆ ಇನ್ನೂ ಚೆನ್ನ, ಬೈಲಾ ಓದುವ ಅಭ್ಯಾಸ ಅವರಿಗಿರುತ್ತದೆ.

ಆಯ್ಕೆಯಾದವರು ಆರು ತಿಂಗಳೊಳಗೆ ಬಿಟ್ಟುಹೋದರೆ ಪುಕ್ಕಟೆಯಾಗಿ ಮತ್ತೊಬ್ಬರನ್ನು ಹುಡುಕಿಕೊಡಬೇಕೆಂದು ಸಂಘದವರು ಕರಾರಿನಲ್ಲಿ ಬರೆಸಲಿ. ಹೊಸ ಅಧ್ಯಕ್ಷರು ಬಂದು ತೆಗೆದುಹಾಕಿದರೆ ಅದು ಅನ್ವಯಿಸದು ಎಂದು, ಅನುಭವವಿರುವ ಕನ್ಸಲ್ಟೆಂಟ್ ಅದರ ಕೆಳಗೇ ಒಂದು ಸಾಲು ಸೇರಿಸುತ್ತಾರೆ.