ಕಟ್ಟುವುದು ಒಬ್ಬರು, ಬಿಚ್ಚುವುದು ಲಕ್ಷ ಮಂದಿ

ಆಂಡ್ರಾಯ್ಡ್ ಆ್ಯಪಿನ ಎಪಿಕೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಪರದೆ ತುಂಬ ಗೋಜಲು ಚಿಹ್ನೆಗಳು. ಆದರೆ ಮೊದಲ ಎರಡು ಅಕ್ಷರ ಸ್ಪಷ್ಟ: ಪಿ, ಕೆ. ಇ-ಪಬ್ ಪುಸ್ತಕದಲ್ಲೂ ವರ್ಡ್ ಕಡತದಲ್ಲೂ ಅದೇ ಜೋಡಿ. ಇವೆಲ್ಲ ಒಳಗೆ ಜಿಪ್ ಗಂಟುಗಳೇ. ಆ ಅಕ್ಷರಗಳು ಅಮೆರಿಕದ ಮಿಲ್ವಾಕಿಯ ಫಿಲ್ ಕಾಟ್ಜ್ ಅವರ ಹೆಸರಿನವು.

1989ರಲ್ಲಿ ಜಿಪ್ ತಂದ ಕಾಟ್ಜ್, ಅದರ ಒಳರಚನೆಯ ವಿವರವನ್ನೂ ಎಲ್ಲರಿಗೆ ಬಿಟ್ಟುಕೊಟ್ಟರು. ಜಿಪ್ ಇಂದು ಎಲ್ಲ ಕಂಪ್ಯೂಟರ್, ಫೋನುಗಳಲ್ಲಿ ತೆರೆದುಕೊಳ್ಳುವುದರ ಹಿಂದೆ ಈ ಔದಾರ್ಯವಿದೆ. ರಷ್ಯಾದ ಯೂಜೀನ್ ರೋಶಲ್ ಅವರ ರಾರ್ ಸಾಮಾನ್ಯವಾಗಿ ಇನ್ನೂ ಬಿಗಿಯಾಗಿ ಕಟ್ಟುತ್ತದೆ ನಿಜ. ಆದರೆ ಕಟ್ಟುವ ವಿದ್ಯೆ ಒಡೆಯರ ಕೈಯಲ್ಲೇ ಉಳಿಯಿತು. ತಂತ್ರಾಂಶ ಹಂಚುವವರಿಗೆ ಅದು ಸಣ್ಣ ತೊಡಕಲ್ಲ.

ಜಿಪ್‌ಗೂ ಕೊರತೆಗಳಿವೆ. ಫೈಲಿನ ಹೆಸರು ಯೂನಿಕೋಡ್‌ನಲ್ಲಿದೆ ಎಂಬ ಗುರುತನ್ನು ಕಟ್ಟುವ ತಂತ್ರಾಂಶ ಹಾಕದಿದ್ದರೆ, ಬಿಚ್ಚುವ ತಂತ್ರಾಂಶ ಅದನ್ನು ಹಳೆಯ ಡಾಸ್ ಅಕ್ಷರಪಟ್ಟಿಯಂತೆ ಓದಿಬಿಡಬಹುದು. ಆಗ ‘ಸೂಚನೆ’ ಎಂಬ ಕನ್ನಡ ಹೆಸರಿನ ಜಾಗದಲ್ಲಿ ಗ್ರೀಕ್ ಆಲ್ಫಾಗಳ ಸಾಲು, ನಡುನಡುವೆ ಚುಕ್ಕೆ ತುಂಬಿದ ಚೌಕಗಳು!

ಯುನಿಕ್ಸ್ ಕಡೆಯವರ ದಾರಿ ಬೇರೆ. 1979ರ ಟಾರ್ ಹುಟ್ಟಿದ್ದು ಟೇಪಿಗಾಗಿ. ಅದು ಫೈಲುಗಳನ್ನು ಬರಿದೇ ಜೋಡಿಸುತ್ತದೆ, ಯಾವುದನ್ನು ಚಲಾಯಿಸಬಹುದು ಎಂಬ ಅನುಮತಿಗಳನ್ನೂ ಉಳಿಸಿಕೊಳ್ಳುತ್ತದೆ. ಕುಗ್ಗಿಸುವ ಕೆಲಸ ಜಿಜಿಪ್, ಎಕ್ಸ್‌ಜೆಡ್‌ಗಳದು. ಇಡೀ ಕಂತೆಯನ್ನು ಒಟ್ಟಿಗೆ ಹಿಂಡುವುದರಿಂದ ಗಾತ್ರ ಇಳಿಯುತ್ತದೆ. ಆದರೆ ಕೊನೆಯ ಒಂದು ಫೈಲು ಬೇಕೆಂದರೂ ಮೊದಲಿನಿಂದ ಬಿಚ್ಚಿಕೊಂಡೇ ಹೋಗಬೇಕು. ಜಿಪ್‌ನಲ್ಲಿ ಪ್ರತಿ ಫೈಲೂ ಪ್ರತ್ಯೇಕ, ವಿಳಾಸಪಟ್ಟಿ ಗಂಟಿನ ತುದಿಯಲ್ಲೇ ಇರುತ್ತದೆ.

ಎಷ್ಟು ಚಿಕ್ಕದಾಯಿತು ಎಂದಷ್ಟೇ ಕೇಳುವುದು ಸಾಲದೆಂದು ಆರ್ಚ್ ಲಿನಕ್ಸ್ ತೋರಿಸಿಕೊಟ್ಟಿತು. 2020ರ ಆರಂಭದಲ್ಲಿ ಅದು ಎಕ್ಸ್‌ಜೆಡ್ ಬಿಟ್ಟು ಜೆಡ್‌ಸ್ಟ್ಯಾಂಡರ್ಡ್‌ಗೆ ಹೊರಳಿದ್ದನ್ನು ಪ್ರಕಟಿಸಿತು. ಪ್ಯಾಕೇಜುಗಳ ಒಟ್ಟು ಗಾತ್ರ ಶೇ 0.8ರಷ್ಟು ಹಿಗ್ಗಿತು, ಬಿಚ್ಚುವ ವೇಗ ಸುಮಾರು ಶೇ 1300ರಷ್ಟು ಏರಿತು. ಒಮ್ಮೆ ಕಟ್ಟಿದ್ದನ್ನು ಸಾವಿರಾರು ಯಂತ್ರಗಳು ಬಿಚ್ಚುವಲ್ಲಿ ಇದು ಕಣ್ಣುಮುಚ್ಚಿ ಒಪ್ಪಬಹುದಾದ ವ್ಯಾಪಾರ.

ಎಕ್ಸ್‌ಜೆಡ್‌ಗೆ ಕಾದಿದ್ದ ಆಪತ್ತು ವೇಗದ್ದಲ್ಲ. 2024ರ ಮಾರ್ಚಿನಲ್ಲಿ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಅವರಿಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದು ಕಂಡಿತು. ಬೆನ್ನುಹತ್ತಿ ನೋಡಿದರೆ ಎಕ್ಸ್‌ಜೆಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಕೂರಿಸಿದ್ದರು. ಅದನ್ನು ಎಬ್ಬಿಸುವ ತುಣುಕು ಎಲ್ಲರೂ ಓದುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ. ಅದನ್ನು ಅಡಗಿಸಿಟ್ಟದ್ದು, ಜನ ನಂಬಿ ಇಳಿಸಿಕೊಳ್ಳುತ್ತಿದ್ದ ಬಿಡುಗಡೆಯ ಟಾರ್ ಗಂಟಿನೊಳಗೆ.