ರೈಲಿನ ಚಕ್ರ ಯಾಕೆ ಓಲಾಡುತ್ತೆ?

ಹಾಸ್ಟೆಲ್ ರೂಮಲ್ಲೇ ಮಾಡಬಹುದಾದ ಒಂದು ಪ್ರಯೋಗದಿಂದ ಶುರು ಮಾಡೋಣ. ಎರಡು ಪೇಪರ್ ಕಪ್ ತಗೊಂಡು ಬಾಯಿಗೆ ಬಾಯಿ ಸೇರಿಸಿ ಟೇಪ್ ಹಾಕಿ. ಈಗ ನಡುವೆ ದಪ್ಪ, ತುದಿಗಳಲ್ಲಿ ಸಣ್ಣ. ಎರಡು ಉದ್ದದ ಕೋಲುಗಳನ್ನು ಹಳಿ ತರ ಜೋಡಿಸಿ, ಸ್ವಲ್ಪ ಇಳಿಜಾರು ಕೊಟ್ಟು ಕಪ್‌ಗಳನ್ನು ಉರುಳಿಸಿ. ಸ್ವಲ್ಪ ಪಕ್ಕಕ್ಕೆ ಇಟ್ಟು ಬಿಟ್ಟರೂ ಅವು ತಾವಾಗೇ ಮಧ್ಯಕ್ಕೆ ಬರುತ್ತವೆ. ಅದೇ ಕಪ್‌ಗಳನ್ನು ತಳಕ್ಕೆ ತಳ ಅಂಟಿಸಿ ಉರುಳಿಸಿದರೆ ಎರಡು ಸೆಕೆಂಡಲ್ಲಿ ಕೋಲಿನಿಂದ ಕೆಳಗೆ!

ರೈಲಿನ ಚಕ್ರ ಮೊದಲನೇ ಜೋಡಿ ಕಪ್ ಇದ್ದ ಹಾಗೆ. ನೋಡೋಕೆ ಸಿಲಿಂಡರ್ ತರ ಕಂಡರೂ ಅದು ಶಂಕುವಿನಾಕಾರ. ಒಳಬದಿಯಲ್ಲಿ ವ್ಯಾಸ ಜಾಸ್ತಿ, ಹೊರಬದಿಗೆ ಹೋದಂತೆ ಕಡಿಮೆ. ಎರಡೂ ಚಕ್ರ ಒಂದೇ ಆ್ಯಕ್ಸಲ್‌ಗೆ ಗಟ್ಟಿಯಾಗಿ ಕೂತಿರುವುದರಿಂದ ಒಂದೇ ವೇಗದಲ್ಲಿ ತಿರುಗಬೇಕು. ಆ್ಯಕ್ಸಲ್ ಬಲಕ್ಕೆ ಸರಿದರೆ ಬಲ ಚಕ್ರ ದೊಡ್ಡ ತ್ರಿಜ್ಯದ ಮೇಲೆ, ಎಡ ಚಕ್ರ ಸಣ್ಣ ತ್ರಿಜ್ಯದ ಮೇಲೆ ಉರುಳುತ್ತೆ. ಬಲಬದಿ ಹೆಚ್ಚು ದೂರ ಹೋಗೋದರಿಂದ ಇಡೀ ಜೋಡಿ ಎಡಕ್ಕೆ ತಿರುಗುತ್ತೆ. ತಿರುವಿನಲ್ಲೂ ಇದೇ ಕೆಲಸಕ್ಕೆ ಬರುತ್ತೆ. ಕಾರಿನಲ್ಲಿ ಡಿಫರೆನ್ಷಿಯಲ್ ಮಾಡೋ ಕೆಲಸವನ್ನು ಇಲ್ಲಿ ಚಕ್ರದ ಆಕಾರವೇ ಮಾಡುತ್ತೆ. ರೈಲನ್ನು ಹಳಿ ಮೇಲೆ ಹಿಡಿದಿಡೋದು ಚಕ್ರದ ಒಳ ಅಂಚು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನೇರ ಹಳಿಯಲ್ಲಿ ಆ ಅಂಚಿಗೆ ಹೆಚ್ಚು ಕೆಲಸವೇ ಇಲ್ಲ.

ಆದರೆ ಒಂದು ತೊಂದರೆ ಇದೆ. ಎಡಕ್ಕೆ ತಿರುಗಿದ ಜೋಡಿ ಮಧ್ಯದಲ್ಲಿ ನಿಲ್ಲದೆ ಆ ಕಡೆಗೆ ದಾಟಿಹೋಗುತ್ತೆ. ಆಮೇಲೆ ಮತ್ತೆ ಬಲಕ್ಕೆ. ಹೀಗೆ ಹಾವಿನ ಹಾಗೆ ಓಲಾಡುತ್ತಾ ಮುಂದೆ ಹೋಗುತ್ತೆ. ಇದಕ್ಕೆ ಹಂಟಿಂಗ್ ಅಂತ ಹೆಸರು. 1883ರಲ್ಲೇ ಜರ್ಮನಿಯ ಕ್ಲಿಂಗೆಲ್ ಇದಕ್ಕೆ ಸೂತ್ರ ಕೊಟ್ಟರು. ಚಕ್ರದ ತ್ರಿಜ್ಯವನ್ನು ಹಳಿಗಳ ಅಂತರದ ಅರ್ಧದಿಂದ ಗುಣಿಸಿ, ಚಕ್ರದ ಇಳಿಜಾರಿನಿಂದ ಭಾಗಿಸಿ, ವರ್ಗಮೂಲ ತೆಗೆದು 2π ಇಂದ ಗುಣಿಸಿದರೆ ಒಂದು ಓಲಾಟದ ಉದ್ದ ಸಿಗುತ್ತೆ.

ನಮ್ಮ ಬ್ರಾಡ್‌ಗೇಜ್‌ಗೆ ಲೆಕ್ಕ ಹಾಕೋಣ. ಹೊಸ ಬೋಗಿ ಚಕ್ರದ ತ್ರಿಜ್ಯ ಸುಮಾರು 0.46 ಮೀಟರ್, ಎರಡು ಹಳಿಗಳ ಮೇಲಿನ ಸಂಪರ್ಕ ಬಿಂದುಗಳ ಅಂತರದ ಅರ್ಧ ಸುಮಾರು 0.87 ಮೀಟರ್, ಇಳಿಜಾರು 20ಕ್ಕೆ 1. ಉತ್ತರ ಹೆಚ್ಚುಕಡಿಮೆ 18 ಮೀಟರ್. ಗಂಟೆಗೆ 65 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಒಂದು ಓಲಾಟ, 130ರಲ್ಲಿ ಎರಡು. ಓಲಾಟದ ಅಗಲ ಅಷ್ಟೇ ಇದ್ದರೂ ಪಕ್ಕಕ್ಕೆ ಬೀಳೋ ವೇಗೋತ್ಕರ್ಷ ಮಾತ್ರ ನಾಲ್ಕು ಪಟ್ಟು, ಯಾಕಂದ್ರೆ ಅದು ವೇಗದ ವರ್ಗದ ಜೊತೆ ಏರುತ್ತೆ.

ಅಷ್ಟಕ್ಕೇ ಮುಗಿಯಲ್ಲ. ಕಡಿಮೆ ವೇಗದಲ್ಲಿ ಓಲಾಟ ತಾನಾಗೇ ಸತ್ತುಹೋಗುತ್ತೆ. ಒಂದು ನಿರ್ದಿಷ್ಟ ವೇಗ ದಾಟಿದ ಮೇಲೆ ಅದೇ ಓಲಾಟ ಸಾಯೋದು ಬಿಟ್ಟು ಬೆಳೆಯೋಕೆ ಶುರುವಾಗುತ್ತೆ. ಇದನ್ನು ರೆಸೊನೆನ್ಸ್ ಅಂತ ತಿಳ್ಕೋಬೇಡಿ. ರೆಸೊನೆನ್ಸ್ ಆಗಿದ್ದರೆ ಆ ವೇಗವನ್ನು ಬೇಗ ದಾಟಿಬಿಟ್ಟರೆ ಸಾಕಿತ್ತು. ಇಲ್ಲಿ ಹೊರಗಿನಿಂದ ಯಾರೂ ಅಲ್ಲಾಡಿಸ್ತಿಲ್ಲ. ರೈಲಿನ ಮುಂದಿನ ಓಟದಿಂದಲೇ ಶಕ್ತಿ ಕದ್ದು ಓಲಾಟ ಬೆಳೀತಾ ಇರುತ್ತೆ. ವೇಗ ಹೆಚ್ಚಿಸಿದಷ್ಟೂ ಪರಿಸ್ಥಿತಿ ಕೆಡುತ್ತೆ. 1955ರಲ್ಲಿ ಫ್ರಾನ್ಸಿನಲ್ಲಿ ಪರೀಕ್ಷಾ ರೈಲು ಗಂಟೆಗೆ 331 ಕಿ.ಮೀ. ಮುಟ್ಟಿ ದಾಖಲೆ ಮಾಡಿತು. ಆ ಪರೀಕ್ಷೆಗಳಲ್ಲಿ ಹಳಿ ಅಲೆಅಲೆಯಾಗಿ ಬಗ್ಗಿಹೋಗಿತ್ತು!

ಇದಕ್ಕೆ ದಾರಿ ಹುಡುಕಿದವರಲ್ಲಿ ಒಬ್ಬರು ಬಂದದ್ದು ವಿಮಾನದ ಕಡೆಯಿಂದ. ಜಪಾನಿನ ತದಾಶಿ ಮತ್ಸುದೈರಾ ಯುದ್ಧಕಾಲದಲ್ಲಿ ನೌಕಾಪಡೆಯ ಝೀರೋ ವಿಮಾನಗಳ ಫ್ಲಟರ್ ಸಮಸ್ಯೆಯ ಮೇಲೆ ಕೆಲಸ ಮಾಡಿದ್ದರು. ಫ್ಲಟರ್ ಅಂದ್ರೆ ಒಂದು ವೇಗ ದಾಟಿದ ಮೇಲೆ ರೆಕ್ಕೆಯೋ ಬಾಲವೋ ಗಾಳಿಯಿಂದಲೇ ಶಕ್ತಿ ಪಡೆದು ಮುರಿಯೋವರೆಗೂ ಅದುರೋದು. ಯುದ್ಧ ಮುಗಿದ ಮೇಲೆ ರೈಲ್ವೆ ಸಂಶೋಧನಾ ಸಂಸ್ಥೆಗೆ ಬಂದ ಅವರು, ಹಂಟಿಂಗ್ ಕೂಡ ಇದೇ ಜಾತಿಯ ಕಾಯಿಲೆ ಅಂತ ಗುರುತಿಸಿದರು. ತಿರುಗೋ ರೋಲರ್‌ಗಳ ಮೇಲೆ ಸಣ್ಣ ಮಾದರಿಗಳನ್ನು ಓಡಿಸಿ ಪರೀಕ್ಷೆ ಮಾಡಿದರು. 1964ರ ಅಕ್ಟೋಬರ್ 1ರಂದು ಶುರುವಾದ ಶಿಂಕಾನ್‌ಸೆನ್ ಗಂಟೆಗೆ 210 ಕಿ.ಮೀ. ಓಡಿದ್ದರ ಹಿಂದೆ ಈ ಕೆಲಸ ಇದೆ.

ಮದ್ದು ಏನು? ಚಕ್ರದ ಇಳಿಜಾರು ಕಡಿಮೆ ಮಾಡೋದು, ಆ್ಯಕ್ಸಲ್ ಹಿಡಿಯೋ ಸ್ಪ್ರಿಂಗ್‌ಗಳನ್ನು ಬಿಗಿ ಮಾಡೋದು, ಬೋಗಿ ಮತ್ತು ಕೋಚ್ ನಡುವೆ ಯಾ ಡ್ಯಾಂಪರ್ ಹಾಕೋದು. ಆದರೆ ಪುಕ್ಕಟೆ ಏನೂ ಸಿಗಲ್ಲ. ಆ್ಯಕ್ಸಲ್ ಜಾಸ್ತಿ ಬಿಗಿಯಾದರೆ ತಿರುವಿನಲ್ಲಿ ರೈಲು ಒದ್ದಾಡುತ್ತೆ, ಹಳಿ ಸವೆಯುತ್ತೆ. ಹಾಗಾಗಿ ಮೆಟ್ರೋ ಬೋಗಿ ಮತ್ತು ಹೈಸ್ಪೀಡ್ ಬೋಗಿ ಒಂದೇ ಥರ ಇರೋಕಾಗಲ್ಲ. ನಮ್ಮ ಎಲ್‌ಎಚ್‌ಬಿ ಕೋಚ್‌ಗಳ ಬೋಗಿಯಲ್ಲಿ, ಉದ್ದಕ್ಕೆ ಮಲಗಿಸಿದ ಶಾಕ್ ಅಬ್ಸಾರ್ಬರ್ ಹಾಗೆ ಕಾಣೋದೇ ಈ ಯಾ ಡ್ಯಾಂಪರ್. ಮುಂದಿನ ಸಲ ಪ್ಲಾಟ್‌ಫಾರ್ಮಲ್ಲಿ ನಿಂತಾಗ ಎದುರಿನ ರೈಲಿನಲ್ಲಿ ಹುಡುಕಿ.

ನಮ್ಮ ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ಚಕ್ರ ಸರಿಯಾದ ಆಕಾರದಲ್ಲೇ ಹೊರಬರುತ್ತೆ. ಓಡ್ತಾ ಓಡ್ತಾ ಸವೆದು ಆಕಾರ ಬದಲಾಗುತ್ತೆ. ಸಾಮಾನ್ಯವಾಗಿ ಸವೆದಷ್ಟೂ ಇಳಿಜಾರಿನ ಪರಿಣಾಮ ಜಾಸ್ತಿಯಾಗಿ, ಅಪಾಯದ ವೇಗ ಕೆಳಗಿಳಿಯುತ್ತೆ. ಅದಕ್ಕೇ ಚಕ್ರಗಳನ್ನು ಮತ್ತೆ ಲೇತ್‌ಗೆ ಹಾಕಿ ಆಕಾರ ತಿದ್ದುತ್ತಾರೆ. ಹೊರಗಿಂದ ನೋಡೋರಿಗೆ ಅದು ಮಾಮೂಲಿ ಮೆಂಟೆನೆನ್ಸ್, ಆದರೆ ಸಾವಿರ ಜನರ ಸುರಕ್ಷತೆ ಅದರ ಮೇಲೆ ನಿಂತಿದೆ.

ಬೈಕ್ ಇರೋರು ಇನ್ನೊಂದು ವಿಷಯ ಕೇಳಿ. ಹೈವೇಯಲ್ಲಿ ಕೆಲವೊಮ್ಮೆ ಇಡೀ ಬೈಕ್ ಹಾವಿನ ಹಾಗೆ ಓಲಾಡೋದು, ಹ್ಯಾಂಡಲ್ ಪಟಪಟ ಅಂತ ಅದುರೋದು ಇದೇ ಕುಟುಂಬದ ಸಮಸ್ಯೆ. ಹಿಂದಿನ ಆ್ಯಕ್ಸಲ್‌ಗಿಂತ ಹಿಂದೆ ಭಾರದ ಬಾಕ್ಸ್ ಕಟ್ಟಿದರೆ, ಟೈರ್ ಗಾಳಿ ಕಡಿಮೆಯಿದ್ದರೆ, ಸ್ಟಿಯರಿಂಗ್ ಬೇರಿಂಗ್ ಸಡಿಲವಾಗಿದ್ದರೆ ಅದು ಇನ್ನೂ ಬೇಗ ಶುರುವಾಗುತ್ತೆ. ಆಗ ಹ್ಯಾಂಡಲ್ ಜೊತೆ ಕುಸ್ತಿ ಬೇಡ, ಗಾಬರಿಯಿಂದ ಜೋರಾಗಿ ಬ್ರೇಕ್ ಹಿಡಿಯೋದೂ ಬೇಡ. ಓಲಾಟಕ್ಕೆ ಶಕ್ತಿ ಕೊಡ್ತಿರೋದು ವೇಗ ತಾನೇ? ಹಿಡಿತ ಹದವಾಗಿರಲಿ, ಮೈ ಸ್ವಲ್ಪ ಮುಂದಕ್ಕೆ ಬಾಗಲಿ, ಆಕ್ಸಿಲರೇಟರನ್ನು ನಿಧಾನವಾಗಿ ಇಳಿಸಿ. ಊರಿಗೆ ಹೊರಡೋ ಮುಂಚೆ ಲಗೇಜನ್ನು ಆದಷ್ಟು ಮುಂದಕ್ಕೆ, ಕೆಳಕ್ಕೆ ಕಟ್ಟಿ, ಟೈರ್ ಗಾಳಿ ಒಂದು ಸಲ ನೋಡ್ಕೊಳ್ಳಿ.